ಹೆಂಚಿನ ಬಣ್ಣದ ಹೆಸರು

ಹುಣಸೆಕೊಪ್ಪಲು, ಮಳವಳ್ಳಿ ತಾಲ್ಲೂಕು
೨೬-೧೧-೧೯೩೬, ಗುರುವಾರ

ಪ್ರೀತಿಯ ಅಣ್ಣಯ್ಯಾ,

ನಿನ್ನ ತಮ್ಮ ಸಿದ್ದರಾಮು ಮಾಡುವ ನಮಸ್ಕಾರಗಳು. ಏಳು ವರ್ಷದ ಮೇಲೆ ಬರೆಯುವ ಕಾಗದವನ್ನು ಹೇಗೆ ಶುರುಮಾಡಬೇಕು ಎಂದು ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಅದಕ್ಕೇ ಎಲ್ಲರೂ ಕೇಳುವುದನ್ನೇ ನಾನೂ ಮೊದಲು ಕೇಳುತ್ತೇನೆ. ಮೈ ಹೇಗಿದೆ? ಗಣಿಯ ಒಳಗೆ ಬಲು ಸೆಕೆಯಂತೆ, ಧೂಳಂತೆ, ಕೆಲಸ ಮುಗಿಸಿ ಮೇಲೆ ಬಂದವರೆಲ್ಲ ಕೆಮ್ಮುತ್ತಾರಂತೆ. ನಿನಗೂ ಕೆಮ್ಮು ಇದೆಯೇ? ಇದ್ದರೆ ಒಣಶುಂಠಿ, ಮೆಣಸು ಕುಟ್ಟಿ ಜೇನುತುಪ್ಪದಲ್ಲಿ ನೆಕ್ಕಬೇಕು ಎಂದು ಅಮ್ಮ ಹೇಳಿಸಿದ್ದಾಳೆ. ಇಲ್ಲದಿದ್ದರೂ ನೆಕ್ಕಬೇಕಂತೆ. ಅತ್ತಿಗೆ ಚೆನ್ನಾಗಿದ್ದಾರೆಯೇ? ಮಗು ನಡೆಯುತ್ತಿದೆಯೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಎಂಬುದನ್ನು ತಿಳಿಸುವುದಕ್ಕೇ ಈ ಕಾಗದ. ನನಗೆ ಮದುವೆಯಾಗಿ ನಾಲ್ಕು ವರ್ಷವಾಯಿತು. ಹುಡುಗಿ ಮದ್ದೂರಿನ ಕಡೆಯವಳು, ಹೆಸರು ಮುದ್ದಮ್ಮ. ಹೆಸರಿನಲ್ಲಿರುವ ಮುದ್ದು ನಾಲಿಗೆಯಲ್ಲಿ ಅಷ್ಟಾಗಿ ಇಲ್ಲ, ಆದರೆ ಮನಸ್ಸು ಒಳ್ಳೆಯದು. ಇದನ್ನು ಅವಳ ಎದುರಿಗೇ ಕೂತು ಬರೆಯುತ್ತಿದ್ದೇನೆ. ಅವಳಿಗೆ ಓದು ಬಾರದ್ದರಿಂದ ಧೈರ್ಯ.

ನಿನಗೆ ಇದನ್ನು ಓದಿ ಹೇಳುವವನು ನಮ್ಮ ಹಿಂದಿನ ಬೀದಿಯ ಅಂಕಯ್ಯನೇ ಎಂದು ಗೊತ್ತಿದೆ. ಅಂಕಯ್ಯಾ, ನೀನು ಸ್ಕೂಲಿನಲ್ಲೂ ಸಾಲು ಹಾರಿಸಿ ಓದಿ ಏಟು ತಿಂದವನು. ಇದರಲ್ಲಿ ಒಂದು ಸಾಲನ್ನೂ ಹಾರಿಸಬೇಡ, ಕೊನೆಯಲ್ಲಿರುವುದನ್ನಂತೂ ಹಾರಿಸಲೇಬೇಡ. ಅಣ್ಣಯ್ಯಾ, ದೀಪಾವಳಿಗೆ ಊರಿಗೆ ಬಂದಾಗ ಇವನು ನಿನ್ನ ವಿಷಯ ಬಾಯಿಬಿಟ್ಟ. ಐದು ವರ್ಷದಿಂದ ಇಬ್ಬರೂ ಒಂದೇ ಗಣಿಯಲ್ಲಿ ಕೆಲಸ ಮಾಡುತ್ತಿದ್ದೀರಂತೆ, ಊರಲ್ಲಿ ಹೇಳಕೂಡದು ಎಂದು ನೀನು ಆಣೆ ಹಾಕಿಸಿಕೊಂಡಿದ್ದೆಯಂತೆ. ಅಪ್ಪ ಹೋದ ಮೇಲೆ ಆ ಆಣೆ ತೀರಿತು ಎಂದು ಅಂಕಯ್ಯ ತಾನೇ ತೀರ್ಪು ಮಾಡಿಕೊಂಡಿದ್ದಾನೆ. ಗೌರಿ ಹಬ್ಬಕ್ಕೆ ಎಂಟು ದಿನ ಇರುವಾಗ ಅಪ್ಪ ಜ್ವರದಲ್ಲಿ ತೀರಿಹೋದ ಸುದ್ದಿ ಅವನ ಮನೆಯವರ ಕಾಗದದಿಂದ ನಿನಗೆ ತಿಳಿಯಿತಂತೆ. ತಿಳಿದ ಕೂಡಲೇ ನೀನು ನಲ್ಲಿಯ ಕೆಳಗೆ ತಲೆ ಒಡ್ಡಿ ಕೂತೆ, ಹಿಂದೆ ಸಾಲು ನಿಂತ ಹೆಂಗಸರು ಬೈದರೂ ಏಳಲಿಲ್ಲ ಎಂದ. ಅಪ್ಪನ ಸಾವಿಗೆ ತಲೆಗೆ ನೀರು ಹುಯ್ದುಕೊಂಡೆಯಲ್ಲ, ಅಷ್ಟು ಸಾಕು ಎಂದಳು ಅಮ್ಮ. ಮಗಳಿಗೆ ಸಣ್ಣತಾಯಿ ಎಂದು ಅವಳ ಹೆಸರನ್ನೇ ಇಟ್ಟಿದ್ದೀಯ ಎಂದು ಅಂಕಯ್ಯ ಹೇಳಿದಾಗ ಅಮ್ಮ ಎದ್ದು ಒಳಗೆ ಹೋಗಿ, ಆಗಲೇ ಬೀಸಿ ಮುಗಿಸಿದ್ದ ರಾಗಿಯನ್ನು ಇನ್ನೊಂದು ಸಲ ಬೀಸಿದಳು. ನಮ್ಮ ಬ್ಲಫಿನಲ್ಲಿ ಹೊಳೆ ನೀರಿನಿಂದ ತೆಗೆಯುವ ಕರೆಂಟು ತಂತಿ ಹಿಡಿದು ನಿಮ್ಮ ಚಿನ್ನದ ಗಣಿಯ ತನಕ ಬರುತ್ತದಂತೆ. ಆ ಕರೆಂಟಿನ ಹಿಂದೆಯೇ ಒಂದು ಕಾರ್ಡು ಈ ಕಡೆ ಬರಲಿಲ್ಲವಲ್ಲ ಅಣ್ಣಯ್ಯಾ!

ಇರಲಿ, ಜಗಳ ಹೂಡುವುದಕ್ಕೆ ಕೂತವನಲ್ಲ. ಮನೆಯ ಖಾತೆಯ ವಿಷಯ ಬರೆಯಬೇಕು. ಅಪ್ಪನ ತಿಥಿಗಿತಿಯೆಲ್ಲ ಮುಗಿದು ವಾರವಾಗಿರಬೇಕು, ಶಾನುಭೋಗ ರಾಮಾನುಜಯ್ಯನವರು ಚಾವಡಿಗೆ ಕರೆಸಿದರು. ಪಂಚಾಯ್ತಿಯವರು ಊರಿನ ಮನೆಗಳ ಖಾತೆಯನ್ನೆಲ್ಲ ಹೊಸದಾಗಿ ಬರೆಸುತ್ತಿದ್ದಾರೆ, ಮನೆ ಸತ್ತವರ ಹೆಸರಿನಲ್ಲಿದ್ದರೆ ಆ ಹೆಸರು ತೆಗೆಸಿ ಮಕ್ಕಳ ಹೆಸರು ಸೇರಿಸಬೇಕು, ಅದಕ್ಕೆ ಪೌತಿ ಖಾತೆ ಅನ್ನುತ್ತಾರೆ ಎಂದು ತಿಳಿಸಿ ಹೇಳಿದರು. ಯಾರೂ ಬಂದು ಹೇಳಿಕೆ ಕೊಡದಿದ್ದರೆ ಮನೆಯನ್ನು ಬೇವಾರಸು ಎಂದು ಬರೆದುಬಿಡುತ್ತಾರಂತೆ. ಬೇವಾರಸು ಎಂದರೆ ವಾರಸುದಾರರು ಇಲ್ಲದ್ದು. ನೋಡು, ನೀನು ಮನೆ ಬಿಟ್ಟ ದಿನ ಅಪ್ಪ ನಿನ್ನನ್ನು ‘ಬೇವಾರ್ಸಿ’ ಎಂದು ಬೈದಾಗ ಅದು ಬರೀ ಬೈಗುಳ ಎಂದುಕೊಂಡಿದ್ದೆ, ಅದಕ್ಕೆ ಇಂಥದೊಂದು ಅರ್ಥ ಇದೆ ಎಂದು ಚಾವಡಿಯಲ್ಲಿ ಕೂತಾಗಲೇ ತಿಳಿಯಿತು. ಶಾನುಭೋಗರು ಕಡತ ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ನಮ್ಮ ಮನೆಯ ಪುಟ ಸಿಕ್ಕ ಕೂಡಲೇ ನಗತೊಡಗಿದರು. “ಇದಕ್ಕೆ ಪೌತಿ ಖಾತೆ ಯಾಕಯ್ಯಾ ಸಿದ್ದರಾಮು? ಮನೆ ಆಗಲೇ ನಿಮ್ಮ ಅಣ್ಣನ ಹೆಸರಿನಲ್ಲೇ ಇದೆಯಲ್ಲ!” ಎಂದರು. ನಾನು ಬಗ್ಗಿ ನೋಡಿದೆ. ‘ಕೆಂಪಯ್ಯ ಬಿನ್ ನಿಂಗಯ್ಯ’ ಎಂದು ಗುಂಡಗೆ ಬರೆದಿತ್ತು.

ನಿನಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ವಂಶದಲ್ಲಿ ತಾತನ ಹೆಸರು ಹಿರಿಯ ಮೊಮ್ಮಗನಿಗೆ. ತಾತ ಕೆಂಪಯ್ಯ, ಅವನಪ್ಪ ನಿಂಗಯ್ಯ. ನಮ್ಮಪ್ಪ ನಿಂಗಯ್ಯ, ಅವನ ಹಿರಿಯ ಮಗ ನೀನು ಕೆಂಪಯ್ಯ. ಮನೆ ಕಟ್ಟಿದವನು ತಾತ, ಖಾತೆ ಅವನ ಹೆಸರಿನದು. ತಾತ ಸತ್ತು ಇಪ್ಪತ್ತನಾಲ್ಕು ವರ್ಷವಾದರೂ ಅಪ್ಪ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲೇ ಇಲ್ಲ. ಸತ್ತ ತಾತನ ಹೆಸರೂ ಬದುಕಿರುವ ನಿನ್ನ ಹೆಸರೂ ತಂದೆಯ ಹೆಸರಿನ ಸಮೇತ ಒಂದೇ ಆಗಿ, ಕಡತದಲ್ಲಿ ಅದು ಯಾರು ಎಂದು ಹೇಳಲು ಬಾರದ ಹಾಗೆ ಕೂತಿದೆ. ‘ನಮ್ಮಪ್ಪ ಯಾಕೆ ಸ್ವಾಮಿ ಮಾಡಿಸಿಕೊಳ್ಳಲಿಲ್ಲ’ ಎಂದು ಕೇಳಿದೆ. ಶಾನುಭೋಗರು ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಹೋಗಿ ಮೂರನೆಯ ವರ್ಷವಂತೆ, ಅಪ್ಪ ಚಾವಡಿಗೆ ಹೋಗಿದ್ದಾಗ ಅವರೇ ಖಾತೆ ಬದಲಾಯಿಸಿಕೊಡುತ್ತೇನೆ ಎಂದರಂತೆ. ಹೆಸರು ಎಲ್ಲಿದೆ ತೋರಿಸಿ ಎಂದು ಅಪ್ಪ ಕೇಳಿದನಂತೆ. ತೋರಿಸಿದರೆ, ಅದರ ಮೇಲೆ ಬೆರಳು ಆಡಿಸಿ, “ಇರ್ಲಿ ಬುಡಿ ಸ್ವಾಮಿ. ಈ ಎಸ್ರು ಇಲ್ಲೇ ಇರ್ಲಿ, ಇದ್ನ ಒಡ್ದಾಕ್ಬ್ಯಾಡಿ” ಎಂದು ಎದ್ದುಹೋದನಂತೆ. ಅಪ್ಪನ ಕಣ್ಣಲ್ಲಿ ಆಗ ಇದ್ದದ್ದು ತಾತನೋ ನೀನೋ, ಶಾನುಭೋಗರಿಗೂ ತಿಳಿಯದು. ನಾನು ಬಹಳ ಯೋಚನೆ ಮಾಡಿದೆ, ನನಗೂ ತಿಳಿಯಲಿಲ್ಲ.

ನಿಜ ಹೇಳುತ್ತೇನೆ, ಅಣ್ಣಯ್ಯಾ, ಆ ಮಾತು ಕೇಳಿ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಹೊಟ್ಟೆಕಿಚ್ಚು. ನೀನು ಹೋದಾಗ ನನಗೆ ಹದಿನೆಂಟು. ಅವತ್ತಿನಿಂದ ನೇಗಿಲು ಹಿಡಿದವನು ನಾನು, ಅಪ್ಪನ ಕೋಪ ಉಂಡವನು ನಾನು, ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡು ಹೋಗಿ ಸಾಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಎರಡೆರಡು ದಿನ ಕಾದವನು ನಾನು. ಕೊನೆಗೆ ನೋಡಿದರೆ ಮನೆ ಮಾತ್ರ ನಿನ್ನದು! ಮನೆಗೆ ಬಂದು ಹೇಳಿದರೆ ಮುದ್ದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, “ನಾಕು ವರ್ಸ ಸಗಣಿ ಸಾರ್ಸಿ ಸಾರ್ಸಿ ನನ್ನ ಅಂಗೈ ಸವ್ದೋಯ್ತು, ಮನೆ ಭಾವಯ್ಯಂದಾ? ಅವ್ರು ಯಾರು ಅಂತ್ಲೇ ನಾನು ಕಂಡಿಲ್ವಲ್ಲ!” ಎಂದಳು. ಅವಳದೇನೂ ತಪ್ಪಿಲ್ಲ. ನೀನು ಅವಳಿಗೆ ಬರೀ ಒಂದು ಹೆಸರು, ಅದೂ ಅತ್ತೆ ಬಾಯಿ ತೆರೆದು ಹೇಳದ ಹೆಸರು.

ಅಮ್ಮ ನಿನ್ನ ಹೆಸರು ಹೇಳಿದ್ದನ್ನು ನೀನು ಎಂದಾದರೂ ಕೇಳಿದ್ದೀಯಾ? ನಾನಂತೂ ಕೇಳಿರಲಿಲ್ಲ. ಗಂಡನ ಹೆಸರು ಹೇಳಬಾರದು ಸರಿ, ಅದು ಎಲ್ಲ ಹೆಂಗಸರಿಗೂ ಇದ್ದದ್ದೇ. ಆದರೆ ನಿನ್ನ ಹೆಸರು ಅವಳ ಮಾವನ ಹೆಸರು, ಅದನ್ನೂ ಹೇಳಬಾರದು. ಅದಕ್ಕೇ ಹಡೆದ ಮಗನನ್ನು ತೊಟ್ಟಿಲಿಂದಲೇ ‘ದೊಡ್ಡಯ್ಯ’ ಎಂದು ಕರೆದಳು. ನಮ್ಮಮ್ಮ ಅಷ್ಟಕ್ಕೇ ಬಿಟ್ಟವಳೂ ಅಲ್ಲ. ಕೆಂಪು ಎಂಬ ಮಾತೇ ಅವಳ ಬಾಯಲ್ಲಿ ಇಲ್ಲ. ಸಂತೆಯಲ್ಲಿ ‘ಹಣ್ಣಾದ ಮೆಣಸಿನಕಾಯಿ’ ಕೊಡಿ ಅನ್ನುತ್ತಿದ್ದಳು. ನೀನು ಸಾಕಿದ ಕೆಂದ ಎತ್ತನ್ನು ‘ಆ ಬಣ್ಣದ್ದು’ ಎಂದು ಕರೆಯುತ್ತಿದ್ದಳು. ಅವಳ ಬಾಯಲ್ಲಿ ಕೆಂಪಿರುವೆಯೂ ‘ಕಚ್ಚೋ ಇರುವೆ’ಯೇ. ನಾವು ಹುಡುಗರಾಗಿದ್ದಾಗ ಬೇಕೆಂದೇ ದಾಸವಾಳ ತೋರಿಸಿ ಇದು ಯಾವ ಬಣ್ಣ ಎಂದು ಪೀಡಿಸಿ ಸೌಟಿನ ಏಟು ತಿಂದದ್ದು ನೆನಪಿದೆಯೇ? ಏಟು ತಿಂದವನು ನಾನು, ಓಡಿದವನು ನೀನು.

ಖಾತೆಯ ಮಾತು ಬಿಟ್ಟು ಎಲ್ಲೋ ಹೋದೆ. ನಾನು ಶಾನುಭೋಗರ ಮಾತಿನ ಮೇಲೆ ಮಳವಳ್ಳಿಗೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿ ಒಬ್ಬ ಗುಮಾಸ್ತರು ಸುಲಭದ ದಾರಿ ಹೇಳಿಕೊಟ್ಟರು. ಆಗ ಇನ್ನೂ ದೀಪಾವಳಿ ಬಂದಿರಲಿಲ್ಲ, ಅಂಕಯ್ಯನೂ ಬಂದಿರಲಿಲ್ಲ, ನೀನು ಎಲ್ಲಿದ್ದೀಯ ಎಂದು ನಮಗೆ ಗೊತ್ತಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳು. ಏಳು ವರ್ಷ ಸುಳಿವಿಲ್ಲದೆ ಹೋದವನನ್ನು ಸತ್ತವನೆಂದೇ ಹಿಡಿಯಬಹುದಂತೆ. ಹಾಗೆಂದು ಒಂದು ಅರ್ಜಿ ಕೊಟ್ಟು, ತಾಯಿಯ ಹೆಬ್ಬೆಟ್ಟು ಹಾಕಿಸಿದರೆ ಖಾತೆ ನೇರವಾಗಿ ನನ್ನ ಹೆಸರಿಗೆ ಬರುತ್ತದಂತೆ. ಅರ್ಜಿ ತಯಾರಾಯಿತು. ಅಮ್ಮನ ಮುಂದೆ ಇಟ್ಟದ್ದಾಯಿತು. ಅವಳಿಗೆ ಓದು ಬಾರದಿದ್ದರೂ ಕಾಗದದ ಮೇಲೆ ಕಣ್ಣಾಡಿಸಿ, “ಇದ್ರಾಗೆ ದೊಡ್ಡಯ್ಯನ ಎಸ್ರು ಎಲ್ಲದೆ, ತೋರ್ಸು” ಎಂದಳು. ತೋರಿಸಿದೆ. “ಅದ್ರ ಮುಂದೆ ಏನು ಬರ್ದದೆ?” ಎಂದಳು. ನಾನು ಕಾಗದ ಮಡಿಸಹೋದೆ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು, “ನನ್ನ ಎಬ್ಬೆಟ್ನಲ್ಲಿ ನನ್ನ ಮಗನ್ನ ಸಾಯಿಸ್ತೀಯೇನ್ಲಾ?” ಎಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಎರಡು ದಿನ ನನ್ನ ಕೈಗೆ ಮುದ್ದೆ ಬಡಿಸಲಿಲ್ಲ, ತಟ್ಟೆಯನ್ನು ನೆಲದ ಮೇಲೆ ತಳ್ಳುತ್ತಿದ್ದಳು.

ಆಮೇಲೆ ದೀಪಾವಳಿ ಬಂತು, ಅಂಕಯ್ಯ ಬಂದ, ನೀನು ಬದುಕಿದ್ದೀಯ ಎಂದು ತಿಳಿಯಿತು. ಇನ್ನು ಉಳಿದದ್ದು ಒಂದೇ ದಾರಿ. ಕಡತದಲ್ಲಿರುವ ಕೆಂಪಯ್ಯ ಸತ್ತುಹೋದ ನಮ್ಮ ತಾತ ಎಂದು ಅಮ್ಮ ತಾಲ್ಲೂಕಿನ ಅಮಲ್ದಾರರ ಎದುರಿಗೆ ಹೇಳಬೇಕು. ಊರಲ್ಲಿ ತಾತನ ಸೊಸೆಗಿಂತ ಹತ್ತಿರದ ಸಾಕ್ಷಿ ಯಾರೂ ಇಲ್ಲವಲ್ಲ. ಹಾಗೆ ಹೇಳಿದರೆ ತಾತನ ಹೆಸರು ತೆಗೆದು ನಮ್ಮಿಬ್ಬರ ಹೆಸರನ್ನೂ ಬರೆಯುತ್ತಾರೆ. ನಿನಗೂ ಅನ್ಯಾಯವಿಲ್ಲ, ನನ್ನ ತಲೆಯ ಮೇಲಿನ ಸೂರಿಗೂ ಭಯವಿಲ್ಲ. ನೀನು ಬರಬೇಕೆಂದಾಗ ಬಾ, ಬಾರದಿದ್ದರೆ ಅಲ್ಲೇ ಸುಖವಾಗಿರು. ಇದು ನನ್ನ ಲೆಕ್ಕಾಚಾರ. ಮೊನ್ನೆ ಸೋಮವಾರ ಅಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಮಳವಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. ‘ಅಮ್ಮ, ನೀನು ಹೆಸರುಗಿಸರು ಹೇಳಬೇಕಾಗಿಲ್ಲ. ಇವರು ಯಾರು ಎಂದು ಕೇಳಿದರೆ, ನಮ್ಮ ಮಾವ ಅಂದುಬಿಡು, ಎರಡೇ ಮಾತು.’ ಅವಳು ಎಲೆಅಡಿಕೆ ಜಗಿಯುತ್ತಾ ಹೂಂ, ಹೂಂ ಎನ್ನುತ್ತಲೇ ಬಂದಳು. ನಮ್ಮಮ್ಮ ಅಷ್ಟು ಸಲೀಸಾಗಿ ಹೂಂ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಮಲ್ದಾರರು ವಯಸ್ಸಾದವರು, ಮಾತು ಮೆತ್ತಗೆ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿದರು, ಅವಳು ಕೂರದೆ ಕಂಬ ಹಿಡಿದು ನಿಂತಳು. “ನಿಮ್ಮ ಯಜಮಾನರ ಹೆಸರು ಹೇಳಿ ಅಮ್ಮ” ಎಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದರೆ ಅಮಲ್ದಾರರು ಕೈ ಅಡ್ಡ ಮಾಡಿ, ಅವರೇ ಹೇಳಲಿ ಎಂದರು. ಅಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, “ಗುಡಿ ಒಳಗೆ ಕಲ್ಲಾಗಿ ಕುಂತವ್ನಲ್ಲ ಸ್ವಾಮಿ, ಅವ್ನ ಎಸ್ರು” ಎಂದಳು. “ಹನುಮಂತಯ್ಯನೇ?” “ಅಲ್ಲ, ಮೂತಿ ಇಲ್ದೋನು.” ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಕಡತ ತಂದು ಕೂತಿದ್ದ ನಮ್ಮ ಶಾನುಭೋಗರು ಮೂಲೆಯಿಂದ, “ಲಿಂಗ, ಸ್ವಾಮಿ. ನಿಂಗಯ್ಯ” ಎಂದು ಬಿಡಿಸಿ ಹೇಳಿದರು. ಅಮಲ್ದಾರರು ನಗುತ್ತಲೇ ಬರೆದುಕೊಂಡು, ಖಾತೆಯ ಪುಟದ ಮೇಲೆ ಬೆರಳಿಟ್ಟು, “ಇಲ್ಲಿ ಮನೆಯ ಯಜಮಾನ ಅಂತ ಒಂದು ಹೆಸರಿದೆ. ಅದು ಯಾವ ಹೆಸರು ಅಂತ ನಿಮಗೆ ಗೊತ್ತಾ ಅಮ್ಮ?” ಎಂದರು. ಅಮ್ಮ, “ನಮ್ಮನೆ ಎಂಚಿನ ಬಣ್ಣ, ಸ್ವಾಮಿ” ಎಂದಳು.

ಅಣ್ಣಯ್ಯಾ, ಅವರೆಲ್ಲ ಮತ್ತೆ ನಕ್ಕರು, ನಾನು ನಗಲಿಲ್ಲ. ಯಾವ ಹೆಂಚು ಎಂದು ಅವರಿಗೇನು ಗೊತ್ತು? ನೀನು ಮನೆ ಬಿಟ್ಟ ವರ್ಷದ ಬೇಸಿಗೆಯಲ್ಲಿ ಪಕ್ಕದ ಬೀದಿಯ ಎರಡು ಹುಲ್ಲಿನ ಮನೆ ಹತ್ತಿ ಉರಿದುಹೋದಾಗ ನೀನು ಹೆದರಿದೆ. ಅಪ್ಪ ಮಂಡ್ಯದ ಕಡೆ ಅತ್ತೆಯ ಮನೆಯ ಮದುವೆಗೆ ಹೋಗಿದ್ದ ನಾಲ್ಕು ದಿನದಲ್ಲಿ ಹುಲ್ಲು ಕಿತ್ತುಹಾಕಿದೆ. ಸೋಮನಹಳ್ಳಿಯ ಕುಂಬಾರರಿಗೆ ರಾಗಿ ಅಳೆದುಕೊಟ್ಟು ಮೂರು ಗಾಡಿ ಹೆಂಚು ತಂದೆ. ಕೆಳಗಿನಿಂದ ಒಂದೊಂದಾಗಿ ಎತ್ತಿಕೊಟ್ಟವನು ನಾನು, ಮೇಲೆ ಕೂತು ಹೊದಿಸಿದವನು ನೀನು. ಅಪ್ಪ ಬಂದು ಅಂಗಳದಲ್ಲಿ ನಿಂತು, “ನಮ್ಮಪ್ಪ ಇಟ್ಟ ಸೂರು ಕೀಳಾಕೆ ನೀನ್ಯಾವನ್ಲಾ ಬೇವಾರ್ಸಿ? ಈ ಮನೇಲಿ ನಿಂದು ಅನ್ನಾದು ಒಂದೆಂಚೂ ಇಲ್ಲ, ಓಗು” ಎಂದ. ನಿನ್ನ ಅಂಗೈಯಲ್ಲಿ ಅದೇ ಹೆಂಚಿನ ಕೆಮ್ಮಣ್ಣಿತ್ತು. ನೀನು ಕೈ ತೊಳೆಯದೆ ಹೊರಟುಹೋದೆ. ಒಂದು ಮಾತು ನಿನಗೆ ಯಾರೂ ಹೇಳಿರಲಾರರು. ಪ್ರತಿ ವರ್ಷ ಮಳೆಗೆ ಮುಂಚೆ ಕೋತಿಗಳು ಸರಿಸಿದ ಹೆಂಚನ್ನು ಸರಿಮಾಡುವುದಕ್ಕೆ ಅಪ್ಪ ತಾನೇ ಏಣಿ ಹತ್ತುತ್ತಿದ್ದ, ನನ್ನನ್ನು ಹತ್ತಗೊಡುತ್ತಿರಲಿಲ್ಲ. “ನಿಂಗೆ ಕೂರ್ಸಾಕೆ ಬರಲ್ಲ, ಅವ್ನು ಕೂರ್ಸಿದ್ದಂಗೇ ಕೂರ್ಸಬೇಕು” ಅನ್ನುತ್ತಿದ್ದ. ಅವ್ನು ಎಂದರೆ ಯಾರು ಎಂದು ನಾವು ಕೇಳುತ್ತಿರಲಿಲ್ಲ.

ಮತ್ತೆ ಕಚೇರಿಗೆ ಬರುತ್ತೇನೆ. ಅಮಲ್ದಾರರು, “ಹೆಂಚಿನ ಬಣ್ಣ, ಕೆಂಪಯ್ಯ. ಸರಿ ಅಮ್ಮ. ಈಗ ಯೋಚನೆ ಮಾಡಿ ಹೇಳಿ. ಈ ಕೆಂಪಯ್ಯ ನಿಮ್ಮ ಮಾವನವರೋ, ನಿಮ್ಮ ಮಗನೋ?” ಎಂದರು. ನಾನು ಹಿಂದಿನಿಂದ ‘ಮಾವ, ಮಾವ’ ಎಂದು ತುಟಿ ಆಡಿಸುತ್ತಿದ್ದೇನೆ. ಅಮ್ಮ ಕಂಬ ಬಿಟ್ಟಳು. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. “ನಮ್ಮ ಮಾವ ಅಲ್ಲ ಸ್ವಾಮಿ. ನನ್ನ ಮಗ. ಕೆಂಪಯ್ಯ” ಎಂದಳು. ಬರೆಯುವವರ ಲೇಖನಿ ನಿಂತಿತು. ಅವರಿಗೆ ಕೇಳಿಸಲಿಲ್ಲ ಎಂದುಕೊಂಡಳೋ ಏನೋ, ಇನ್ನೂ ಗಟ್ಟಿಯಾಗಿ, “ನನ್ನ ದೊಡ್ಡ ಮಗ ಕೆಂಪಯ್ಯ. ಬದ್ಕವ್ನೆ. ಕೋಲಾರದ ಗಣೀಲವ್ನೆ. ಮನೆ ಅವಂದೇ” ಎಂದಳು. ಮೂವತ್ತೆರಡು ವರ್ಷದಲ್ಲಿ ಹಡೆದವಳ ಬಾಯಿಂದ ನಿನ್ನ ಹೆಸರು ಬಂದದ್ದು ಅದೇ ಮೊದಲು, ಅದನ್ನು ಕೇಳಲು ನೀನಿರಲಿಲ್ಲ. ನನ್ನ ಮನೆ ಕೈಬಿಟ್ಟು ಹೋಗುತ್ತಿದೆ ಎಂಬುದು ಆ ಕ್ಷಣ ಮರೆತೇಹೋಯಿತು. ಕಚೇರಿಯ ಬಾಗಿಲಲ್ಲಿ ನಿಂತು ಗಂಡಸು ಅತ್ತದ್ದನ್ನು ಮಳವಳ್ಳಿಯ ಜನ ನೋಡಿದರು, ನೋಡಲಿ.

ಅಮಲ್ದಾರರು ತಿಳಿಯದವರಲ್ಲ. “ನಿಮ್ಮ ಮಗನಿಗೆ ವಯಸ್ಸೆಷ್ಟಮ್ಮ?” ಎಂದರು. ಮೂವತ್ತೆರಡು ಎಂದಳು. ಅವರು ಪುಟದ ಮೇಲಿನ ಇಸವಿ ನೋಡಿದರು. ಆ ಪುಟ ಬರೆದು ಮೂವತ್ತಾರು ವರ್ಷವಾಗಿದೆ, ನೀನು ಆಗ ಹುಟ್ಟಿಯೇ ಇರಲಿಲ್ಲ. ಇಸವಿಯನ್ನು ನೋಡಿದರು, ಅಮ್ಮನನ್ನು ನೋಡಿದರು, ಕಡತ ಮುಚ್ಚಿದರು. ಕೆಂಪಯ್ಯನೇ ಖುದ್ದಾಗಿ ಬಂದು ಹೇಳಿಕೆ ಕೊಡಲಿ, ಡಿಸೆಂಬರ್ ಇಪ್ಪತ್ಮೂರರವರೆಗೆ ಅವಕಾಶ, ಅಲ್ಲಿಯವರೆಗೆ ಖಾತೆ ಇದ್ದಂತೆ ಇರಲಿ ಎಂದು ಬರೆಸಿದರು. ನೀನು ಸಹಿ ಹಾಕುವವನಾಗಿದ್ದರೆ ಕಾಗದವನ್ನು ಅಂಚೆಯಲ್ಲೇ ತರಿಸಬಹುದಿತ್ತಂತೆ. ಹೆಬ್ಬೆಟ್ಟಿನವನಾದ್ದರಿಂದ ಅಮಲ್ದಾರರ ಎದುರಿಗೇ ಒತ್ತಬೇಕು. ನೋಡು ಅಣ್ಣಯ್ಯಾ, ‘ಇವ್ನು ಓದ್ಲಿ, ನಾನು ಉಳ್ತೀನಿ’ ಎಂದು ಅಪ್ಪನ ಜೊತೆ ಗುದ್ದಾಡಿ ನನ್ನನ್ನು ಸ್ಕೂಲಿಗೆ ಕಳಿಸಿದೆಯಲ್ಲ, ಆ ದಿನ ನೀನು ಬಿಟ್ಟುಕೊಟ್ಟ ಅಕ್ಷರವೇ ಈಗ ನಿನ್ನನ್ನು ಊರಿಗೆ ಎಳೆಯುತ್ತಿದೆ.

ಗಾಡಿಯಲ್ಲಿ ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ಹೀಗೆ ಯಾಕೆ ಮಾಡಿದೆ, ನಾನೇನು ನಿನ್ನ ಮಗನಲ್ಲವೇ ಎಂದು ಕೇಳಿದೆ. ಅಮ್ಮ ಎತ್ತಿನ ಬಾಲ ನೋಡುತ್ತಲೇ ಹೇಳಿದಳು: “ನೀನು ಮನೇಲೇ ಇದ್ದೀಯ, ನಿಂಗೆ ಕಾಗ್ದ ಯಾಕ್ಲಾ? ಕಾಗ್ದ ಬೇಕಾಗಿರಾದು ಮನೇಲಿ ಇಲ್ದೋನ್ಗೆ. ನಿಮ್ಮಪ್ಪ ಅವ್ನಿಗೆ ಒಂದೆಂಚೂ ನಿಂದಲ್ಲ ಅಂದ್ರು. ಆ ಮಾತು ನಮ್ಮ ಸೂರಿನ ಮ್ಯಾಲೇ ಕುಂತದೆ. ಎಲ್ಲಾ ಎಂಚೂ ಅವಂದೇ ಅಂತ ಸರ್ಕಾರ್ದೋರೇ ಬರ್ದವ್ರೆ. ಅದ್ನ ಅಳ್ಸು ಅಂತ ನಾನೇಳ್ಲಾ?” ಸ್ವಲ್ಪ ದೂರ ಬಂದ ಮೇಲೆ ಮತ್ತೆ ಅವಳೇ, “ಅವ್ನು ಬಂದು ನಿಂಗೂ ಬರ್ಕೊಡ್ತಾನೆ ಬುಡು. ಬರ್ಕೊಡಾಕಾದ್ರೂ ಬತ್ತಾನಲ್ಲ” ಎಂದಳು. ಅವಳ ತಂತ್ರ ಇಷ್ಟೇ. ಅಮಲ್ದಾರರ ಕಚೇರಿಯನ್ನೇ ಮಗನನ್ನು ಕರೆಯುವುದಕ್ಕೆ ಇಟ್ಟುಕೊಂಡಳು. ಮುದ್ದಮ್ಮನಿಗೆ ಹೇಳಿದೆ, ಮನೆ ಹೋಯಿತು ಎಂದು ರಂಪ ಮಾಡುತ್ತಾಳೆ ಎಂದುಕೊಂಡೆ. ಅವಳು, “ಅತ್ತೆಮ್ಮ ಎಸ್ರು ಏಳ್ಬುಟ್ರಾ? ಬಾಯಲ್ಲಿ? ಎಲ್ರ ಮುಂದೆ?” ಎಂದು ಮೂರು ಸಲ ಕೇಳಿ, ನಿನ್ನೆ ಹಿತ್ತಲ ಕಡೆಯ ಕೋಣೆಯಲ್ಲಿದ್ದ ರಾಗಿ ಮೂಟೆಗಳನ್ನು ಹೊರಗೆ ಹಾಕಿ ಗೋಡೆಗೆ ಸುಣ್ಣ ಹೊಡೆದಿದ್ದಾಳೆ. ಕೋಣೆ ನಿಮಗೆ. ಅತ್ತಿಗೆ ಯಾವ ಊರಿನವರು, ಯಾವ ಜನ ಎಂದು ಅಂಕಯ್ಯ ಹೇಳಹೊರಟಾಗ ಅಮ್ಮ, ಮಗೂಗೆ ನನ್ನ ಹೆಸರಿಡೋಕೆ ಒಪ್ಪಿದವಳು ಯಾವ ಜನವಾದರೇನು ಎಂದು ಬಾಯಿ ಮುಚ್ಚಿಸಿದಳು. ಅವರನ್ನೂ ಮಗುವನ್ನೂ ಕರೆದುಕೊಂಡೇ ಬಾ.

ಬೆಂಗಳೂರಿನಿಂದ ರೈಲಿಗೆ ಬಂದು ಮದ್ದೂರಿನಲ್ಲಿ ಇಳಿ. ಮಳವಳ್ಳಿಯ ಮೋಟಾರು ಸಿಗುತ್ತದೆ, ಆದರೆ ಅದಕ್ಕೆ ಹತ್ತಬೇಡ, ನಾನು ಗಾಡಿ ಕಟ್ಟಿಕೊಂಡು ಸ್ಟೇಷನ್ನಿಗೇ ಬರುತ್ತೇನೆ. ಯಾವ ದಿನ ಎಂದು ಅಂಕಯ್ಯನ ಕೈಲಿ ಒಂದು ಕಾರ್ಡು ಬರೆಸು. ಅತ್ತಿಗೆಗೆ ನಮ್ಮಿಬ್ಬರ ನಮಸ್ಕಾರ. ಸಣ್ಣತಾಯಿಗೆ ಅಜ್ಜಿಯ ಮುತ್ತು, ಚಿಕ್ಕಪ್ಪನ ಮುತ್ತು. ನಿನಗೆ ಅಮ್ಮನ ಆಶೀರ್ವಾದ. ನಿನ್ನ ಹೆಸರು ಹಿಡಿದೇ ಹರಸಿದ್ದಾಳೆ, ಹಾಗೆಂದು ಬರೆ ಎಂದು ಎದುರಿಗೇ ಕೂತಿದ್ದಾಳೆ.

ಇಂತಿ ನಿನ್ನ ಪ್ರೀತಿಯ ತಮ್ಮ,
ಸಿದ್ದರಾಮು

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬೆಳಗಿನಿಂದ ಮುಂದೂಡಿದ್ದು. ಅಂಚೆಯವನು ಬಾಗಿಲಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಅರ್ಜಿ ತಯಾರಾಯಿತು ಎಂದು ಮೇಲೆ ಬರೆದೆನಲ್ಲ, ಅದನ್ನು ಬರೆದವನು ಗುಮಾಸ್ತನಲ್ಲ, ನಾನು. ‘ನನ್ನ ಅಣ್ಣ ಕೆಂಪಯ್ಯನು ಮೃತನಾಗಿರುತ್ತಾನೆ’ ಎಂದು ನಾನೇ ಬರೆದು ಕೆಳಗೆ ಸಹಿ ಹಾಕಿದೆ. ತೆರಿಗೆ ಕಾಗದ ಎಂದು ಸುಳ್ಳು ಹೇಳಿ ಅಮ್ಮನ ಹೆಬ್ಬೆಟ್ಟು ಕೇಳಿದೆ. ನೀನು ಕೊಡಿಸಿದ ಅಕ್ಷರದಲ್ಲಿ ನಿನ್ನನ್ನೇ ಕೊಂದೆ ಅಣ್ಣಯ್ಯಾ. ಅದನ್ನು ಒಲೆಗೆ ಹಾಕಲು ಹೋದರೆ ಅಮ್ಮ ಬಿಡಲಿಲ್ಲ. “ಇರ್ಲಿ, ಅವ್ನು ಬಂದು ಅರೀಲಿ” ಎಂದು ಅಟ್ಟದ ಮೇಲೆ ಇಟ್ಟಿದ್ದಾಳೆ. ಮನೆಯನ್ನು ಯಾರ ಹೆಸರಿಗಾದರೂ ಬರೆಸು, ನನಗೆ ಕೊಡುವುದಿಲ್ಲ ಅಂದರೂ ಸರಿ. ಬಂದವನು ಮೊದಲು ಅದನ್ನು ಹರಿದುಹಾಕು, ಆಮೇಲೆ ನನ್ನ ಬೆನ್ನಿಗೆ ಎರಡು ಹಾಕು, ಹೆಬ್ಬೆಟ್ಟು ಆಮೇಲೆ ಹಾಕುವೆಯಂತೆ.